ಪಾಲಿನ ದಾವೆ ಮಧ್ಯಸ್ಥಿಕೆಗೆ ಬಂದಿದೆ, ಹೋಗಲಾ ಬೇಡವಾ?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕು. ನನಗೆ 55 ವರ್ಷ. ಮದುವೆಯಾದದ್ದು 1991ರಲ್ಲಿ. ಅಪ್ಪ 2003ರಲ್ಲಿ ತೀರಿಕೊಂಡರು. ಅಜ್ಜನ ಕಾಲದಿಂದ ಬಂದ 4 ಎಕರೆ 20 ಗುಂಟೆ ತೆಂಗಿನ ತೋಟ, 3 ಎಕರೆ ಹೊಲ, ಊರಲ್ಲೊಂದು ಮನೆ ಇದೆ. ಪಹಣಿಯೆಲ್ಲ ದೊಡ್ಡಣ್ಣನ ಹೆಸರಿನಲ್ಲಿದೆ. ಚಿಕ್ಕಣ್ಣ ಬೆಂಗಳೂರಿನಲ್ಲಿದ್ದಾನೆ. ಅಮ್ಮ ದೊಡ್ಡಣ್ಣನ ಜೊತೆ ಊರಲ್ಲಿದ್ದಾರೆ. ಪಾಲು ಕೇಳಿದ್ದಕ್ಕೆ "ಮದುವೆಯಲ್ಲಿ ಎಲ್ಲ ಕೊಟ್ಟಾಗಿದೆ, ಅಪ್ಪ ಹೋದಾಗಲೇ ಬಾಯಿಮಾತಿನಲ್ಲಿ ಪಾಲಾಗಿದೆ" ಎಂದರು. 2021ರಲ್ಲಿ ದಾವೆ ಹಾಕಿದೆ. ಈಗ ಜಡ್ಜ್ ಮಧ್ಯಸ್ಥಿಕೆಗೆ ಕಳಿಸಿದ್ದಾರೆ. ಹೋದರೆ ನನ್ನ ಕೇಸು ವೀಕ್ ಅಂತ ಅಣ್ಣಂದಿರು ತಿಳಿಯುವುದಿಲ್ಲವೇ? ಅಲ್ಲಿ ಆಡಿದ ಮಾತು ನಾಳೆ ನನಗೇ ತಿರುಗಿದರೆ? ಸುಮ್ನೆ ಇನ್ನೊಂದಿಷ್ಟು ವಾಯಿದೆ ಆಗುತ್ತದೆ ಅಷ್ಟೇ ಎಂದು ನನ್ನ ಮಗ ಹೇಳುತ್ತಾನೆ. ಏನು ಮಾಡಲಿ?

ಉತ್ತರ:

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಹೋಗಿ. ನಿಮ್ಮ ಕೇಸು ವೀಕ್ ಇದೆ ಎಂದು ಈ ಮಾತು ಹೇಳುತ್ತಿಲ್ಲ. ಕೇಸು ಗಟ್ಟಿ ಇದ್ದವರು ಮಧ್ಯಸ್ಥಿಕೆಯಲ್ಲಿ ಕೂತರೆ ಅವರಿಗೇ ಲಾಭ ಜಾಸ್ತಿ. ಯಾಕೆಂದು ಮುಂದೆ ಹೇಳುತ್ತೇನೆ.

ನಿಮ್ಮ ಮೂರು ಭಯಗಳಿಗೆ ಮೊದಲು ಉತ್ತರ ಕೊಡುತ್ತೇನೆ. ನಿಮ್ಮನ್ನು ಅಲ್ಲಿಗೆ ಕಳಿಸಿರುವುದು ಕೋರ್ಟು, ನೀವಾಗಿ ಕೈಮುಗಿದು ಕೇಳಿಕೊಂಡದ್ದಲ್ಲ. ದಾವೆಯನ್ನು ರಾಜಿ ಮಾತುಕತೆಗೆ ಕಳಿಸಲು ಕೋರ್ಟಿಗೆ ಅಧಿಕಾರ ಕೊಡುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಈಗಿನ ರೂಪದಲ್ಲಿ 2002ರ ಜುಲೈ 1ರಿಂದ ಜಾರಿಯಲ್ಲಿದೆ. ಇದಕ್ಕಾಗಿ ನಮ್ಮ ರಾಜ್ಯದಲ್ಲಿ 2005ರಲ್ಲಿ ನಿಯಮಗಳು ಬಂದವು. 2007ರಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಶುರುವಾಯಿತು. 2010ರಲ್ಲಿ ಅಫ್ಕಾನ್ಸ್ ಕಂಪನಿಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಯಾವ ಥರದ ದಾವೆ ಮಧ್ಯಸ್ಥಿಕೆಗೆ ತಕ್ಕದ್ದು ಎಂದು ಪಟ್ಟಿಯನ್ನೇ ಕೊಟ್ಟಿತು. ಮನೆಯವರ ನಡುವಿನ ಪಾಲಿನ ದಾವೆ ಅದರಲ್ಲಿ ಹೆಸರು ಹಿಡಿದೇ ಇದೆ. ಹಾಗಾಗಿ ನಿಮ್ಮಂಥ ದಾವೆಯನ್ನು ಜಡ್ಜ್ ಇಲ್ಲಿಗೆ ಕಳಿಸುವುದು ಮಾಮೂಲು. ಅಣ್ಣಂದಿರ ವಕೀಲರಿಗೂ ಇದು ಗೊತ್ತು. ಯಾರೂ ನಿಮ್ಮನ್ನು ಸೋತವರು ಎಂದು ನೋಡುವುದಿಲ್ಲ.

ಎರಡನೆಯದು ಆಡಿದ ಮಾತಿನ ಭಯ. ರಾಜಿ ಆಗದಿದ್ದರೆ ಮಧ್ಯಸ್ಥಗಾರರು ಕೋರ್ಟಿಗೆ ಬರೆಯುವುದು "ರಾಜಿ ಆಗಲಿಲ್ಲ" ಎಂದು ಮಾತ್ರ. ಯಾರು ಎಷ್ಟಕ್ಕೆ ಒಪ್ಪಿದ್ದರು, ಯಾರು ಹಟ ಮಾಡಿದರು ಎಂದು ಬರೆಯುವ ಹಾಗೇ ಇಲ್ಲ. ಮೋತಿ ರಾಮ್ ವಿರುದ್ಧ ಅಶೋಕ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು 2010ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. "ತೋಟದಲ್ಲಿ ಒಂದೂವರೆ ಎಕರೆ ಬೇಡ, ಒಂದು ಎಕರೆ ಕೊಟ್ಟರೂ ಸಾಕು" ಎಂದು ಅಲ್ಲಿ ನಿಮ್ಮ ಬಾಯಿಂದ ಬಂದರೂ ನಾಳೆ ಪಾಟೀಸವಾಲಿನಲ್ಲಿ ಅದನ್ನು ಎತ್ತುವಂತಿಲ್ಲ. ಅಷ್ಟೇ ಅಲ್ಲ, ನಾವು ಮಧ್ಯಸ್ಥಗಾರರು ಎರಡೂ ಕಡೆಯವರನ್ನು ಬೇರೆ ಬೇರೆ ಕೂರಿಸಿಯೂ ಮಾತಾಡುತ್ತೇವೆ. ಆಗ ನೀವು ಹೇಳಿದ್ದನ್ನು ನೀವು ಒಪ್ಪಿಗೆ ಕೊಡದೆ ಆ ಕಡೆಯವರಿಗೂ ಹೇಳುವುದಿಲ್ಲ.

ಇನ್ನು ಸಮಯ. ನಿಯಮದಲ್ಲಿ ಸಾಮಾನ್ಯವಾಗಿ 60 ದಿನ, ಕೋರ್ಟು ಬೇಕೆಂದರೆ ಸ್ವಲ್ಪ ವಿಸ್ತರಿಸುತ್ತದೆ. ಎಳೆದಾಡುವುದಕ್ಕೆಂದೇ ಬರುವವರು ಇದ್ದಾರೆ, ನಿಜ. ಅಂಥವರು ಎರಡನೇ ಸಿಟ್ಟಿಂಗ್ ಹೊತ್ತಿಗೆ ಗೊತ್ತಾಗಿಬಿಡುತ್ತಾರೆ. ಕಾಗದ ತರುವುದಿಲ್ಲ, ಯಾವ ಅಂಕಿಯನ್ನೂ ಹೇಳುವುದಿಲ್ಲ, "ಮನೇಲಿ ಕೇಳಿ ಹೇಳ್ತೀನಿ" ಎಂಬ ಒಂದೇ ಮಾತು. ಹಾಗೆ ಕಂಡರೆ "ಸಾಕು, ವಾಪಸ್ ಕಳಿಸಿ" ಎಂದು ಹೇಳುವ ಹಕ್ಕು ನಿಮಗಿದೆ. 2021ರಿಂದ ಕಾದಿದ್ದೀರಿ, ಇನ್ನೆರಡು ತಿಂಗಳಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

ಈಗ ಮುಖ್ಯ ವಿಷಯ. ಪಾಲಿನ ದಾವೆಯಲ್ಲಿ ಜನ ಒಂದು ಪ್ರಶ್ನೆಗೆ ವರ್ಷಗಟ್ಟಲೆ ಜಗಳ ಆಡುತ್ತಾರೆ, ಇನ್ನೊಂದು ಪ್ರಶ್ನೆಯನ್ನು ಕೇಳುವುದೇ ಇಲ್ಲ. ಜಗಳ ಆಡುವುದು "ನನಗೆ ಎಷ್ಟು?" ಎಂಬುದಕ್ಕೆ. ಕೇಳದೇ ಬಿಡುವುದು "ನನಗೆ ಯಾವುದು?" ಎಂಬುದನ್ನು. ಎಷ್ಟು ಎಂಬುದಕ್ಕೆ ಕಾನೂನು ಉತ್ತರ ಕೊಡುತ್ತದೆ. ಯಾವುದು ಎಂಬುದಕ್ಕೆ ಕಾನೂನಿನ ಪುಸ್ತಕದಲ್ಲಿ ಉತ್ತರ ಇಲ್ಲ. ಅದನ್ನು ನೀವು ನೀವೇ ಮಾತಾಡಿ ಹುಡುಕಬೇಕು, ಇಲ್ಲದಿದ್ದರೆ ಊರಿನ ಮುಖ ನೋಡದ ಯಾರೋ ಒಬ್ಬರು ಟೇಪು ಹಿಡಿದು ತೀರ್ಮಾನ ಮಾಡುತ್ತಾರೆ.

ಎಷ್ಟು ಎಂಬ ಭಾಗವನ್ನು ಬೇಗ ಮುಗಿಸುತ್ತೇನೆ. 1994ರ ಜುಲೈ 30ರಂದು ಜಾರಿಗೆ ಬಂದ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಕರ್ನಾಟಕದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಹಕ್ಕು ಕೊಟ್ಟಿತು. ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಅದು ಇರಲಿಲ್ಲ. ನಿಮ್ಮ ಮದುವೆ 1991ರದ್ದು. "ನಮ್ಮ ತಂಗಿಗೆ ಕಾನೂನಲ್ಲೇ ಇಲ್ಲ" ಎಂದು ಅಣ್ಣಂದಿರು ನಂಬಿಕೊಂಡು ಬಂದದ್ದಕ್ಕೆ ಬಹುಶಃ ಇದೇ ಮೂಲ. ಆದರೆ 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯಾದವರು, ಆಗದವರು ಎಂಬ ಭೇದ ಇಲ್ಲ. ಅಪ್ಪ ಆ ದಿನ ಬದುಕಿರಬೇಕಿತ್ತೇ ಎಂಬ ಗೊಂದಲ ಕೆಲವು ವರ್ಷ ಇತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೂ ಬಗೆಹರಿಸಿತು. ಹಕ್ಕು ಹುಟ್ಟಿನಿಂದ ಬರುವುದು, ಅಪ್ಪ ಬದುಕಿರಬೇಕಾಗಿಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಪಾಲಾಗಿದ್ದರೆ ಅದನ್ನು ಮುಟ್ಟುವ ಹಾಗಿಲ್ಲ. ಆದರೆ "ಬಾಯಿಮಾತಿನಲ್ಲಿ ಪಾಲಾಗಿದೆ" ಎಂದರೆ ಸಾಲದು, ಅದಕ್ಕೆ ಸರ್ಕಾರಿ ದಾಖಲೆಗಳ ಬೆಂಬಲ ಇರಬೇಕು ಎಂದು ಅದೇ ತೀರ್ಪು ಹೇಳುತ್ತದೆ. ನಿಮ್ಮಲ್ಲಿ ಪಹಣಿಯೆಲ್ಲ ಒಬ್ಬರ ಹೆಸರಿನಲ್ಲೇ ಇದೆ. ಚಿಕ್ಕಣ್ಣನ ಹೆಸರಿಗೇ ಬೇರೆಯಾಗಿ ಏನೂ ಬಂದಿಲ್ಲ. ಪಾಲಾಗಿದ್ದರೆ ಅವನ ಪಾಲು ಎಲ್ಲಿ? ಈ ಪ್ರಶ್ನೆ ಕೋರ್ಟಿನಲ್ಲಿ ಬರದೇ ಇರುವುದಿಲ್ಲ.

ಊರ ಮನೆಯ ಬಗ್ಗೆ ಒಂದು ಮಾತು. ವಾಸದ ಮನೆಯಲ್ಲಿ ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂಬ 23ನೇ ಕಲಂ ಅದೇ ಉತ್ತರಾಧಿಕಾರ ಕಾಯ್ದೆಯಲ್ಲಿ ಮೊದಲು ಇತ್ತು. 2005ರಲ್ಲಿ ಅದನ್ನು ತೆಗೆದುಹಾಕಿದರು. ಹಳ್ಳಿಯಲ್ಲಿ ಈಗಲೂ ಹಳೆಯ ಮಾತೇ ಓಡಾಡುತ್ತದೆ.

ಅಮ್ಮನಿಗೂ ಅಪ್ಪನ ಪಾಲಿನಲ್ಲಿ ಹಕ್ಕಿದೆ. ಯಾವುದು ಪಿತ್ರಾರ್ಜಿತ, ಯಾವುದು ಅಪ್ಪ ಸ್ವಂತ ಸಂಪಾದಿಸಿದ್ದು ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ನಿಮ್ಮ ವಕೀಲರಿಂದ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡೇ ಬನ್ನಿ. ಕಾನೂನಿನ ಪ್ರಕಾರ ತನಗೆ ಎಷ್ಟು ಬರುತ್ತದೆ ಎಂದು ಗೊತ್ತಿಲ್ಲದೆ ರಾಜಿಗೆ ಕೂರುವುದು ತಪ್ಪು. ಬಿಟ್ಟುಕೊಡುವುದಿದ್ದರೂ ಏನನ್ನು ಬಿಡುತ್ತಿದ್ದೇನೆ ಎಂದು ತಿಳಿದು ಬಿಡಬೇಕು.

ಸರಿ, ದಾವೆ ನಡೆಸಿ ಗೆದ್ದಿರಿ ಎಂದುಕೊಳ್ಳೋಣ. ಏನು ಸಿಗುತ್ತದೆ? ಮೊದಲು ಪ್ರಾಥಮಿಕ ಡಿಕ್ರಿ. ಅದರಲ್ಲಿ ನಿಮ್ಮ ಪಾಲು ಇಷ್ಟನೇ ಒಂದು ಭಾಗ ಎಂದು ಇರುತ್ತದೆ, ಅಷ್ಟೇ. ಯಾವ ಸರ್ವೆ ನಂಬರಿನ ಯಾವ ಮೂಲೆ ಎಂದು ಇರುವುದಿಲ್ಲ. ಅದಕ್ಕೆ ಅಂತಿಮ ಡಿಕ್ರಿಯ ನಡವಳಿ, ವಕೀಲರು ಎಫ್‌ಡಿಪಿ ಅನ್ನುವುದು, ಬೇರೆ ನಡೆಯಬೇಕು. ಮನೆಗೆ ಕೋರ್ಟ್ ಕಮಿಷನರ್ ಬರುತ್ತಾರೆ. ಕಂದಾಯ ಕಟ್ಟುವ ಜಮೀನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಂ ಪ್ರಕಾರ ಭಾಗ ಮಾಡುವ ಕೆಲಸ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ, ಅಲ್ಲಿಂದ ಸರ್ವೆಯವರಿಗೆ. ನಡುವೆ ಅಪೀಲು, ಅಪೀಲಿನಲ್ಲಿ ಸ್ಟೇ. ಪ್ರಾಥಮಿಕ ಡಿಕ್ರಿ ಕೈಯಲ್ಲಿ ಹಿಡಿದುಕೊಂಡು ವರ್ಷಗಟ್ಟಲೆ ಒಂದು ಗುಂಟೆಯನ್ನೂ ಉಳಲಾಗದ ಮನೆಗಳನ್ನು ನಾನು ನೋಡಿದ್ದೇನೆ. ಅಮ್ಮನಂಥ ಹಿರಿಯರು ಅದರ ನಡುವೆಯೇ ತೀರಿಕೊಳ್ಳುತ್ತಾರೆ, ಆಮೇಲೆ ವಾರಸುದಾರರನ್ನು ಸೇರಿಸಲು ಇನ್ನೊಂದು ಅರ್ಜಿ.

ಕೊನೆಗೆ ಭಾಗ ಮಾಡುವವರು ವಿಸ್ತೀರ್ಣ ನೋಡುತ್ತಾರೆ, ಮಣ್ಣಿನ ದರ್ಜೆ ನೋಡುತ್ತಾರೆ. ತೋಟದ ಮೂಡಲ ಕಡೆ ಸಾಲಿನ ಮರಗಳಿಗೆ ನುಸಿ ಹತ್ತಿ ಕಾಯಿ ಸಣ್ಣದಾಗಿದೆ, ಬೋರ್‌ವೆಲ್ ನೀರು ಪಡುವಲ ಕಡೆಗೆ ಮಾತ್ರ ಸರಾಗವಾಗಿ ಹರಿಯುತ್ತದೆ, ಮಳೆಗಾಲದಲ್ಲಿ ಆ ದಾರಿಯಲ್ಲಿ ಟ್ರ್ಯಾಕ್ಟರ್ ಹೂತುಹೋಗುತ್ತದೆ ಎಂಬುದೆಲ್ಲ ಗೊತ್ತಿರುವುದು ನಿಮ್ಮ ಮನೆಯವರಿಗೆ ಮಾತ್ರ. ಮಧ್ಯಸ್ಥಿಕೆಯ ಕೋಣೆಯಲ್ಲಿ ಆ ತಿಳಿವಳಿಕೆ ಕೆಲಸಕ್ಕೆ ಬರುತ್ತದೆ. ಕೇಸು ಗಟ್ಟಿ ಇದ್ದವರಿಗೆ ಲಾಭ ಎಂದು ನಾನು ಹೇಳಿದ್ದು ಇದಕ್ಕೇ. ಎಷ್ಟು ಎಂಬ ಮಾತಿನಲ್ಲಿ ಕಾನೂನು ನಿಮ್ಮ ಬೆನ್ನಿಗಿದೆ. ಆ ಬಲ ಇಟ್ಟುಕೊಂಡು ಯಾವುದು ಎಂಬ ಮಾತನ್ನು ನೀವೇ ಶುರು ಮಾಡಬಹುದು.

ಒಂದು ಉದಾಹರಣೆ ಹೇಳುತ್ತೇನೆ. ಯಾರೆಂದು ಗೊತ್ತಾಗದ ಹಾಗೆ ವಿವರ ಬದಲಿಸಿದ್ದೇನೆ. ಅಣ್ಣ, ತಂಗಿ ಇಬ್ಬರೇ. ತೋಟ ಅಣ್ಣನ ವಶದಲ್ಲಿ. ಅವರು ಮೊದಲ ದಿನವೇ ಪ್ಲಾಸ್ಟಿಕ್ ಕವರಿನಿಂದ ಉದ್ದನೆಯ ಲೆಕ್ಕದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಮೂರು ಬೋರ್ ಕೊರೆಸಿದ್ದರು. ಎರಡು ಫೇಲ್, ಮೂರನೆಯದರಲ್ಲಿ ಎರಡು ಇಂಚು ನೀರು. ಅಡಿಗೆ ಇಷ್ಟು, ಕೇಸಿಂಗ್ ಪೈಪಿಗೆ ಇಷ್ಟು, ಮೋಟರಿಗೆ ಇಷ್ಟು ಎಂದು ಒಂದೊಂದೂ ಬರೆದಿತ್ತು. ಪಾಯಿಂಟ್ ತೋರಿಸಿದವರಿಗೆ ಕೊಟ್ಟ ದುಡ್ಡೂ ಇತ್ತು. "ಇದರಲ್ಲಿ ಅರ್ಧ ಕೊಟ್ಟು ಆಮೇಲೆ ಪಾಲು ಕೇಳಲಿ" ಎಂದರು.

ತಂಗಿ ಪುಸ್ತಕ ತಿರುವಿ ನೋಡಿದರು. "ನೀರು ಬಂದ ಬೋರಿಗೆ ಕೊಡ್ತೀನಿ ಅಣ್ಣ, ಫೇಲಾದದ್ದಕ್ಕೆ ನಾನ್ಯಾಕೆ ಕೊಡ್ಲಿ?" ಎಂದರು. "ಫೇಲಾಗುತ್ತೆ ಅಂತ ಮೊದ್ಲೇ ಗೊತ್ತಿದ್ರೆ ಕೊರೆಸ್ತಿದ್ನೇನಮ್ಮಾ?" ಎಂದು ಅಣ್ಣ ಕೇಳಿದರು. ಇಬ್ಬರ ಮಾತಿನಲ್ಲೂ ನ್ಯಾಯ ಇತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ತಂಗಿ ಮೆಲ್ಲಗೆ ಕೇಳಿದರು, "ಕಾಯಿ ಮಾರಿದ ಪುಸ್ತಕ ಎಲ್ಲಣ್ಣ?" ಅಂಥ ಪುಸ್ತಕ ಇರಲಿಲ್ಲ. ತಾವು ಖರ್ಚಿನ ಲೆಕ್ಕ ಕೇಳಿದರೆ ಇಷ್ಟು ವರ್ಷದ ಫಸಲಿನ ಲೆಕ್ಕ ಕೊಡಬೇಕಾಗುತ್ತದೆ ಎಂದು ಅಣ್ಣನಿಗೆ ಆ ಕ್ಷಣ ಹೊಳೆಯಿತು. ಅವರ ವಕೀಲರು ಅದನ್ನು ಮೊದಲೇ ಹೇಳಿರಬಹುದು. ಆದರೆ ತಂಗಿಯ ಬಾಯಿಂದ ಕೇಳಿದಾಗ ಅದಕ್ಕೆ ಬೇರೆಯೇ ತೂಕ.

ಕೊನೆಗೆ ಎರಡೂ ಲೆಕ್ಕ ಬಿಟ್ಟುಬಿಡುವುದು ಎಂದಾಯಿತು. ಬೋರಿನ ಖರ್ಚನ್ನು ಅಣ್ಣ ಕೇಳುವಂತಿಲ್ಲ, ಹಿಂದಿನ ಫಸಲಿನ ದುಡ್ಡನ್ನು ತಂಗಿ ಕೇಳುವಂತಿಲ್ಲ. ಬೋರ್‌ವೆಲ್ ಇಬ್ಬರಿಗೂ ಸೇರಿದ್ದು. ಅದಾದ ಮೇಲೆಯೇ ಮಾತು ಯಾವ ಸಾಲು ಯಾರಿಗೆ ಎಂಬ ಕಡೆಗೆ ತಿರುಗಿತು. ನಾನು ಆ ಹೊತ್ತು ಮಾಡಿದ್ದು ಬಹಳ ಕಡಿಮೆ. ಯಾರ ಲೆಕ್ಕ ಸರಿ ಎಂದು ತೀರ್ಪು ಕೊಡಲಿಲ್ಲ. ವಕೀಲರೊಬ್ಬರು ನಡುವೆ ಬಾಯಿ ಹಾಕಲು ಹೊರಟಾಗ ಒಂದು ನಿಮಿಷ ತಡೆಯಿರಿ ಎಂದೆ, ಅಷ್ಟೇ. ನಮ್ಮ ತರಬೇತಿಯಲ್ಲಿ ಹೆಚ್ಚಿನ ಪಾಲು ಇದನ್ನೇ ಕಲಿಸುವುದು, ಯಾವಾಗ ಸುಮ್ಮನಿರಬೇಕು ಎಂಬುದನ್ನು.

ಇದನ್ನು ಯಾಕೆ ಹೇಳಿದೆನೆಂದರೆ, ಊರ ಪಂಚಾಯ್ತಿಕಟ್ಟೆಯ ಹಾಗೆ ಇದೂ ಇರುತ್ತದೆ ಎಂದು ನಿಮಗೆ ಅನಿಸಿರಬಹುದು. ಪಂಚಾಯ್ತಿಯಲ್ಲಿ ಹಿರಿಯರು "ಹೆಣ್ಣುಮಗಳು, ಅರಿಶಿನ ಕುಂಕುಮಕ್ಕೆ ಅಂತ ಇಷ್ಟು ತಗೊಂಡು ಸೈನ್ ಹಾಕಮ್ಮ, ತವರುಮನೆ ಉಳಿಸಿಕೊ" ಎನ್ನುತ್ತಾರೆ. ಹತ್ತು ಜನರ ಎದುರು ಇಲ್ಲ ಎನ್ನಲು ಆಗುವುದಿಲ್ಲ. ಮಧ್ಯಸ್ಥಗಾರರಿಗೆ ಹಾಗೆ ಹೇಳುವ ಅಧಿಕಾರ ಇಲ್ಲ. ಯಾರಾದರೂ ಹಾಗೆ ಒತ್ತಡ ಹಾಕಿದರೆ ಅಲ್ಲೇ ನಿಮ್ಮ ವಕೀಲರಿಗೆ ಹೇಳಿ, ಎದ್ದು ಬನ್ನಿ. ಮಧ್ಯಸ್ಥಿಕೆಗೆ ಕಳಿಸಲು ಕೋರ್ಟಿಗೆ ನಿಮ್ಮ ಒಪ್ಪಿಗೆ ಬೇಕಾಗಿಲ್ಲ. ರಾಜಿಗೆ ಮಾತ್ರ ನಿಮ್ಮ ಒಪ್ಪಿಗೆ ಇಲ್ಲದೆ ಏನೂ ನಡೆಯುವುದಿಲ್ಲ.

ತವರಿನ ವಿಷಯಕ್ಕೆ ಬಂದೆ, ಅದನ್ನೂ ಹೇಳಿಬಿಡುತ್ತೇನೆ. ಪಾಲು ಕೇಳುವ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಒಂದು ಅಪರಾಧಿ ಭಾವ ಇರುತ್ತದೆ. ನಾನು ಮನೆ ಒಡೆದೆನೇನೋ, ಅಮ್ಮನಿಗೆ ನೋವು ಕೊಟ್ಟೆನೇನೋ ಎಂದು. ಅದು ಇದ್ದಾಗ ಎರಡರಲ್ಲಿ ಒಂದು ಆಗುತ್ತದೆ. ಒಂದೋ ಏನೂ ಬೇಡ ಎಂದು ಎಲ್ಲ ಬಿಟ್ಟು ಆಮೇಲೆ ಜೀವಮಾನವೆಲ್ಲ ಕೊರಗುತ್ತಾರೆ. ಇಲ್ಲವೇ ಒಂದು ಗುಂಟೆಯನ್ನೂ ಬಿಡುವುದಿಲ್ಲ ಎಂದು ಹಟಕ್ಕೆ ಬೀಳುತ್ತಾರೆ. ದಯವಿಟ್ಟು ನಿಮ್ಮ ಹಕ್ಕನ್ನು ನೀವು ಕೇಳಿದ್ದೀರಿ ಎಂದಷ್ಟೇ ತಿಳಿಯಿರಿ. ಮದುವೆಯ ಖರ್ಚು, ಹಾಕಿದ ಚಿನ್ನ ಪಾಲಿನ ಬದಲಿಗೆ ಕೊಟ್ಟದ್ದು ಎಂದು ಯಾವ ಕಾನೂನೂ ಹೇಳುವುದಿಲ್ಲ. ಆದರೆ ದೊಡ್ಡಣ್ಣ ಆ ಮಾತು ಎತ್ತಿದಾಗ ತಕ್ಷಣ ಕಾನೂನು ತೋರಿಸಬೇಡಿ. ಅಪ್ಪನ ಜೊತೆ ನಿಂತು ನಿಮ್ಮ ಮದುವೆಗೆ ಅವರು ಓಡಾಡಿರುತ್ತಾರೆ, ಸಾಲವನ್ನೂ ತೀರಿಸಿರಬಹುದು. "ನೀನು ಮಾಡಿದ್ದು ನನಗೆ ನೆನಪಿದೆ ಅಣ್ಣ, ಅದಕ್ಕೂ ಇದಕ್ಕೂ ಗಂಟು ಹಾಕಬೇಡ" ಎನ್ನಿ. ಇದರಿಂದ ನಿಮ್ಮ ಪಾಲು ಒಂದು ಗುಂಟೆಯೂ ಕಡಿಮೆ ಆಗುವುದಿಲ್ಲ. ಆ ಮಾತಿಗೆ ಕಾದಿರುವ ಅಣ್ಣಂದಿರು ಬಹಳ.

ಇನ್ನೊಂದು ವಿಷಯ ನಮ್ಮ ಕೆಲಸದಲ್ಲಿ ಬಹಳ ಕಾಡುತ್ತದೆ. ಒಳಗೆ ಕೂತವರಿಗಿಂತ ಹೊರಗೆ ಕೂತವರೇ ಕೆಲವು ಸಲ ಮುಖ್ಯ. ಮಧ್ಯಾಹ್ನದ ತನಕ ಎಲ್ಲ ಒಪ್ಪಿಕೊಂಡಿರುತ್ತಾರೆ. ಊಟಕ್ಕೆ ಹೋಗಿ ಬಂದ ಮೇಲೆ ಒಬ್ಬರ ಮುಖವೇ ಬದಲಾಗಿರುತ್ತದೆ. ಮಗನಿಗೆ ಫೋನು ಮಾಡಿರುತ್ತಾರೆ, ಇಲ್ಲವೇ ಅತ್ತಿಗೆ ಹೊರಗಿನ ಬೆಂಚಿನಲ್ಲಿ ಕಾದಿರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ತೋಟದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಅತ್ತಿಗೆಗೆ ತನ್ನ ಮಾತು ಹೇಳುವ ಹಂಬಲ ಇರುವುದು ಸಹಜ ಅಲ್ವಾ? ಹಾಗಾಗಿ ದೊಡ್ಡತ್ತಿಗೆಯನ್ನು ಒಳಗೆ ಕರೆಯಿರಿ ಎಂದು ನೀವೇ ಮಧ್ಯಸ್ಥಗಾರರಿಗೆ ಹೇಳಬಹುದು. ನಿಮ್ಮ ಮಗನನ್ನೂ ಕರೆದುಕೊಂಡು ಬನ್ನಿ. "ಸುಮ್ನೆ ವಾಯಿದೆ" ಎನ್ನುವ ಅವನು ಒಂದು ಸಿಟ್ಟಿಂಗ್ ನೋಡಲಿ. ಅವನ ಒಪ್ಪಿಗೆ ಇಲ್ಲದೆ ನೀವು ಸಹಿ ಮಾಡಿದರೆ ನಾಳೆ ಮನೆಯಲ್ಲಿ ಇನ್ನೊಂದು ಜಗಳ.

ಅಮ್ಮನನ್ನು ಮಾತ್ರ ಎಳೆದಾಡಬೇಡಿ. ಮೊಣಕಾಲು ನೋವಿನವರನ್ನು ಪ್ರತಿ ಸಲ ಕರೆಸುವ ಅಗತ್ಯ ಇಲ್ಲ, ಒಂದೆರಡು ಸಲ ಬಂದರೆ ಸಾಕು. ಆದರೆ ರಾಜಿಯಲ್ಲಿ ಅವರ ಹೆಸರು, ಅವರ ಪಾಲು, ಅವರ ಸಹಿ ಇರಲೇಬೇಕು. ಅವರು ಎಲ್ಲಿರುತ್ತಾರೆ, ಔಷಧಿಯ ಖರ್ಚು ಯಾರದು, ಅವರ ಹೆಸರಿಗೆ ಬಂದ ಜಮೀನಿನ ಫಸಲು ಯಾರ ಕೈಗೆ ಎಂದು ಬರೆಯಿರಿ. ನನ್ನ ಮಟ್ಟಿಗೆ, ಇದನ್ನು ಮೊದಲ ದಿನವೇ ಮಾತಾಡುವ ಮನೆಗಳಲ್ಲಿ ಉಳಿದದ್ದೂ ಬೇಗ ಬಗೆಹರಿಯುತ್ತದೆ. ಎಲ್ಲ ಮಕ್ಕಳೂ ಒಂದೇ ಕಡೆ ನಿಂತು ಯೋಚಿಸುವ ವಿಷಯ ಅದೊಂದೇ ಇರುತ್ತದೆ.

ಜಮೀನು ಬೇಕೋ ದುಡ್ಡು ಬೇಕೋ ಎಂಬುದನ್ನೂ ಮನೆಯಲ್ಲೇ ಯೋಚಿಸಿ ಬನ್ನಿ. ಊರಿಗೆ ಬಂದು ತೋಟ ನೋಡಿಕೊಳ್ಳಲು ನಿಮಗೆ ಆಗುತ್ತದೆಯೇ? ಆಗದಿದ್ದರೆ ದೊಡ್ಡಣ್ಣನೇ ನಿಮ್ಮ ಪಾಲು ಕೊಂಡುಕೊಳ್ಳಬಹುದು. ಆದರೆ ರೇಟು ಯಾವುದು? ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಯೇ ಬೇರೆ, ಊರಲ್ಲಿ ನಡೆಯುವ ಬೆಲೆಯೇ ಬೇರೆ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ರೇಟು ಏರಿದಾಗ ತೋಟದ ಬೆಲೆಯ ಮಾತೂ ಏರುತ್ತದೆ, ಇಳಿದಾಗ "ಯಾರಿಗೆ ಬೇಕು ತೋಟ" ಎನ್ನುತ್ತಾರೆ. ಹತ್ತಿರದಲ್ಲಿ ಇತ್ತೀಚೆಗೆ ಮಾರಾಟವಾದ ಎರಡು ಮೂರು ತೋಟಗಳ ಬೆಲೆ ತಿಳಿದುಕೊಂಡು ಬನ್ನಿ. ದುಡ್ಡು ಕಂತಿನಲ್ಲಿ ಕೊಡುತ್ತೇನೆ ಎಂದರೆ ಪೂರ್ತಿ ಬರುವ ತನಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ. ಇದರಲ್ಲಿ ನಾಚಿಕೆಯೂ ಬೇಡ, ನೆಂಟಸ್ತಿಕೆಯೂ ಬೇಡ.

ನನ್ನನ್ನು ಕೇಳಿದರೆ ಒಂದಿಷ್ಟಾದರೂ ಜಮೀನು ನಿಮ್ಮ ಹೆಸರಿನಲ್ಲಿ ಇರಲಿ. ಪೂರ್ತಿ ದುಡ್ಡು ತೆಗೆದುಕೊಂಡವರು ಊರಿಗೆ ಬರಲು ಆಮೇಲೆ ಹಿಂಜರಿಯುವುದನ್ನು ಕಂಡಿದ್ದೇನೆ. ಇದು ಕಾನೂನಿನ ಸಲಹೆ ಅಲ್ಲ, ನನ್ನ ಅನಿಸಿಕೆ.

ಮಾತು ಒಂದು ಹದಕ್ಕೆ ಬಂದಮೇಲೆ ಬರವಣಿಗೆ. ಇಲ್ಲಿ ಆತುರ ಬೇಡವೇ ಬೇಡ. ರಾಜಿ ಮೇಲೆ ಕೋರ್ಟು ಡಿಕ್ರಿ ಕೊಟ್ಟರೆ ಅದೇ ಸಂಹಿತೆಯ 96ನೇ ಕಲಂ ಪ್ರಕಾರ ಅದರ ಮೇಲೆ ಅಪೀಲು ಇಲ್ಲ. ಅದನ್ನು ರದ್ದು ಮಾಡಿ ಎಂದು ಬೇರೆ ದಾವೆ ಹಾಕುವಂತೆಯೂ ಇಲ್ಲ. ಮೋಸ ಆಗಿದ್ದರೆ ಅದೇ ಕೋರ್ಟಿನ ಮುಂದೆ ಹೋಗಬೇಕು, ಸಾಬೀತು ಮಾಡುವುದು ಕಷ್ಟ. "ತೋಟದಲ್ಲಿ ಒಂದೂವರೆ ಎಕರೆ ತಂಗಿಗೆ" ಎಂದು ಬರೆದ ರಾಜಿ ರಾಜಿಯೇ ಅಲ್ಲ, ಅದು ಮುಂದಿನ ದಾವೆಯ ಮೊದಲ ಪುಟ. ಯಾವ ಸರ್ವೆ ನಂಬರು, ಎಷ್ಟು ಗುಂಟೆ, ಖರಾಬು (ಸಾಗುವಳಿಗೆ ಬಾರದ ನೆಲ) ಬಿಟ್ಟು ಎಷ್ಟು, ನಾಲ್ಕೂ ಕಡೆ ಚೆಕ್ಕುಬಂದಿ ಏನು ಎಂದು ಇರಬೇಕು. ಆಗುವುದಾದರೆ ಮೊದಲೇ ಸರ್ವೆಯರನ್ನು ಕರೆಸಿ, ಎಲ್ಲರೂ ನಿಂತು ಅಳತೆ ಮಾಡಿಸಿ, ಕಲ್ಲು ನೆಟ್ಟು, ನಕ್ಷೆ ಮಾಡಿಸಿ, ಆ ನಕ್ಷೆಯನ್ನೇ ರಾಜಿ ಅರ್ಜಿಗೆ ಲಗತ್ತಿಸಿ. ಸರ್ವೆ ನಂಬರಿನ ಒಂದು ಭಾಗವನ್ನು ಮುಂದೆ ನೋಂದಣಿ ಮಾಡಿಸುವಾಗ ಹೇಗಿದ್ದರೂ ಆ ಭಾಗದ ಅಳತೆ ತೋರಿಸುವ ಸರ್ವೆಯವರ 11ಇ ನಕ್ಷೆ ಕೇಳುತ್ತಾರೆ.

ದಾರಿ. ಇದನ್ನು ಬರೆಯದೇ ಬಿಟ್ಟು ಒದ್ದಾಡುವವರು ಬಹಳ ಜನ. ನಿಮ್ಮ ಭಾಗಕ್ಕೆ ಎಲ್ಲಿಂದ ಹೋಗಬೇಕು, ಎಷ್ಟು ಅಡಿ ಅಗಲ, ಗಾಡಿ ಹೋಗಬಹುದೇ, ಟ್ರ್ಯಾಕ್ಟರ್ ಹೋಗಬಹುದೇ? ಬೋರ್‌ವೆಲ್ ಯಾರ ಭಾಗದಲ್ಲಿ ಬರುತ್ತದೆ, ತ್ರೀ ಫೇಸ್ ಕರೆಂಟ್ ಬಂದಾಗ ನೀರಿನ ಪಾಳಿ ಹೇಗೆ, ಮೋಟರ್ ಸುಟ್ಟರೆ ರಿಪೇರಿ ಖರ್ಚು ಯಾರದು, ಬೋರ್ ಬತ್ತಿದರೆ ಏನು? ಪೈಪು ಯಾರ ಜಮೀನಿನಲ್ಲಿ ಹಾಯಬೇಕು? ಬದುವಿನ ಮೇಲಿನ ತೇಗ, ಹಲಸಿನ ಮರ ಯಾರಿಗೆ? ಅಪ್ಪ ಹೋದ ಮೇಲೆ ದೊಡ್ಡಣ್ಣ ಹಾಕಿದ ಸಸಿಗಳಿದ್ದರೆ ಆ ಸಾಲನ್ನು ಅವರ ಕಡೆಗೇ ಬರುವ ಹಾಗೆ ಮಾಡಲು ಆಗುತ್ತದೆಯೇ ನೋಡಿ. ನೆಟ್ಟವರಿಗೆ ಆ ಮರಗಳ ಮೇಲೆ ಇರುವ ಪ್ರೀತಿಗೆ ಬೆಲೆ ಕಟ್ಟಲು ಹೋದರೆ ಮಾತು ಮುರಿಯುತ್ತದೆ.

ಸಾಲ ಇದೆಯೇ ಎಂದು ಮೊದಲೇ ನೋಡಿ. ಪಹಣಿಯ ಋಣದ ಕಾಲಂನಲ್ಲಿ ಸೊಸೈಟಿ ಅಥವಾ ಬ್ಯಾಂಕಿನ ಹೆಸರಿದ್ದರೆ ಅದನ್ನು ಯಾರು, ಯಾವ ತಾರೀಖಿನೊಳಗೆ ತೀರಿಸಬೇಕೆಂದು ಬರೆಯಿರಿ. ಅಣ್ಣಂದಿರ ಮಕ್ಕಳಲ್ಲಿ 18 ತುಂಬದವರು ದಾವೆಯಲ್ಲಿ ಇದ್ದರೆ ಅವರ ಪರವಾಗಿ ರಾಜಿ ಮಾಡಲು ಕೋರ್ಟಿನ ಅನುಮತಿ ಬೇಕು. ಇದನ್ನು ಮರೆತರೆ ಆ ಮಕ್ಕಳು ದೊಡ್ಡವರಾದ ಮೇಲೆ ರಾಜಿಯನ್ನೇ ಪ್ರಶ್ನೆ ಮಾಡಬಹುದು. ಡಿಕ್ರಿ ಆದ ಮೇಲೆ ಅದನ್ನು ಸ್ಟಾಂಪ್ ಪೇಪರಿನ ಮೇಲೆ ಬರೆಸಿ, ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಗೆ ಕೊಡಿ, ನಿಮ್ಮ ಭಾಗ ಬೇರೆ ನಂಬರಾಗುವ ಹಾಗೆ ಪೋಡಿ ಮಾಡಿಸಿ. ಪಹಣಿಯಲ್ಲಿ ನಿಮ್ಮ ಹೆಸರು ಬರುವ ತನಕ ಕೆಲಸ ಮುಗಿದಿಲ್ಲ. ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ಕೂಡ ವಾಪಸ್ ಬರಬಹುದು, ಆ ಅರ್ಜಿಯನ್ನು ಹಾಕಲು ವಕೀಲರಿಗೆ ನೆನಪಿಸಿ.

ಲೋಕ್ ಅದಾಲತ್‌ನಲ್ಲಿ ಒಂದೇ ದಿನದಲ್ಲಿ ಮುಗಿಸಿಬಿಡೋಣ ಎಂದು ಯಾರಾದರೂ ಹೇಳಬಹುದು. ಚೆಕ್ ಬೌನ್ಸ್, ಬ್ಯಾಂಕ್ ಸಾಲ, ಅಪಘಾತದ ಪರಿಹಾರಕ್ಕೆ ಅದು ಬಹಳ ಒಳ್ಳೆಯದು. ಅಲ್ಲಿ ಒಂದು ಮೊತ್ತ ಒಪ್ಪಿದರೆ ಮುಗಿಯಿತು. ಜಮೀನಿನ ಪಾಲು ಹಾಗಲ್ಲ. ಮಾತುಕತೆ ಪೂರ್ತಿ ಮುಗಿದು, ನಕ್ಷೆ, ಚೆಕ್ಕುಬಂದಿ ಎಲ್ಲ ಸಿದ್ಧವಿದ್ದು, ದಾಖಲು ಮಾಡುವುದಷ್ಟೇ ಬಾಕಿ ಇದ್ದರೆ ಅಲ್ಲಿಗೆ ಹೋಗಿ. ಗದ್ದಲದ ನಡುವೆ ಪಾಲು ಮಾಡಿಕೊಳ್ಳಲು ಹೋಗಬೇಡಿ.

ಒಂದು ಸಂದರ್ಭದಲ್ಲಿ ಮಾತ್ರ ಮಧ್ಯಸ್ಥಿಕೆಗೆ ಮೊದಲು ಇನ್ನೊಂದು ಕೆಲಸ ಮಾಡಿ. ದೊಡ್ಡಣ್ಣ ಜಮೀನು ಮಾರಲು ಓಡಾಡುತ್ತಿದ್ದಾರೆ ಎಂದು ಸುದ್ದಿ ಇದ್ದರೆ ಮೊದಲು ತಾತ್ಕಾಲಿಕ ತಡೆಯಾಜ್ಞೆ ಕೇಳಿ. ದಾವೆ ನಡೆಯುವಾಗ ಕೊಂಡವರು ದಾವೆಯ ಫಲಕ್ಕೆ ಬದ್ಧರು, ನಿಜ. ಆದರೂ ಮೂರನೆಯವರು ತೋಟದೊಳಗೆ ಕಾಲಿಟ್ಟರೆ ಮನೆಯೊಳಗಿನ ವಿಷಯ ಮನೆಯೊಳಗಿನದಾಗಿ ಉಳಿಯುವುದಿಲ್ಲ. ಹಾಗೆಯೇ ಅಪ್ಪನ ಹೆಸರಿನಲ್ಲಿ ಉಯಿಲು ಇದೆ ಎಂದು ಹೊಸದಾಗಿ ತಂದು, ಅದರ ಸಹಿ ಖೋಟಾ ಎಂಬ ಅನುಮಾನ ಬಂದರೆ, ಅದು ಸಾಕ್ಷಿ ಹೇಳಿಸಿ ಜಡ್ಜ್ ತೀರ್ಮಾನಿಸಬೇಕಾದ ವಿಷಯ. ಅಂಥದ್ದನ್ನು ನಮ್ಮ ಕೋಣೆಯಲ್ಲಿ ಬಗೆಹರಿಸಲು ಬರುವುದಿಲ್ಲ.

ಮೊದಲ ದಿನ ಬರುವಾಗ ವಂಶವೃಕ್ಷ, ಎಲ್ಲ ಸರ್ವೆ ನಂಬರಿನ ಈಗಿನ ಪಹಣಿ, ಮ್ಯುಟೇಶನ್ ಪ್ರತಿ, ಹಳೆಯ ಪಾಲು ಪಾರಿಕತ್ತು ಏನಾದರೂ ಇದ್ದರೆ ಅದು, ಮನೆಯ ಖಾತೆ ಪ್ರತಿ ತನ್ನಿ. ಒಂದು ಬಿಳಿ ಹಾಳೆಯಲ್ಲಿ ತೋಟದ ಚಿತ್ರವನ್ನು ನಿಮ್ಮ ಕೈಯಾರೆ ಬರೆದುಕೊಂಡು ಬನ್ನಿ. ಬಾವಿ ಎಲ್ಲಿ, ಬೋರ್ ಎಲ್ಲಿ, ದಾರಿ ಎಲ್ಲಿ, ಯಾವ ಕಡೆ ಮರ ಚೆನ್ನಾಗಿ ಕಾಯಿ ಬಿಡುತ್ತದೆ ಎಂದು ಗುರುತು ಮಾಡಿ. ಅದರ ಮೇಲೆ ನಿಮಗೆ ಬೇಕಾದ ಭಾಗಕ್ಕೆ ಒಂದು ಗೆರೆ ಎಳೆಯಿರಿ, ಅದು ಸಿಗದಿದ್ದರೆ ಒಪ್ಪಬಹುದಾದ ಭಾಗಕ್ಕೆ ಇನ್ನೊಂದು. ಮೊದಲ ಗೆರೆಯನ್ನು ಎಲ್ಲರ ಮುಂದೆ ತೋರಿಸಬಹುದು. ಎರಡನೆಯದನ್ನು ಮಧ್ಯಸ್ಥಗಾರರು ನಿಮ್ಮನ್ನು ಒಬ್ಬರನ್ನೇ ಕೂರಿಸಿ ಕೇಳಿದಾಗ ತೋರಿಸಿ.